ಸರ್ಕಾರದ ಖರ್ಚಿನ ಕೇಸಿಗೆ ಬಿಲ್ ಬರೆಯುವುದು ಹೇಗೆ? ಹೊಸದಾಗಿ ಪ್ಯಾನೆಲ್‌ಗೆ ಬಂದ ವಕೀಲರಿಗೆ

ಮೊನ್ನೆ ತುಮಕೂರು ಕೋರ್ಟ್ ಆವರಣದಲ್ಲಿ ಒಬ್ಬ ಕಿರಿಯ ವಕೀಲೆ ನನ್ನನ್ನು ನಿಲ್ಲಿಸಿ ಒಂದು ಫೈಲ್ ತೋರಿಸಿದರು. ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪಟ್ಟಿಗೆ, ಅಂದರೆ ಪ್ಯಾನೆಲ್‌ಗೆ, ಸೇರಿದ ಮೇಲೆ ಅವರಿಗೆ ಬಂದ ಮೊದಲ ಕೇಸು. ಎರಡೂವರೆ ವರ್ಷ ನಡೆಸಿದ್ದಾರೆ, ಗೆದ್ದೂ ಇದ್ದಾರೆ. "ಸರ್, ಈಗ ಬಿಲ್ ಕೊಡಬೇಕು. ಹೇಗೆ ಬರೆಯೋದು?" ಅಂತ ಕೇಳಿದರು.

ಫೈಲ್ ಬಿಚ್ಚಿದೆ. ದಾವೆ ಪತ್ರ ಇತ್ತು, ತೀರ್ಪಿನ ಪ್ರತಿ ಇತ್ತು. ಮಧ್ಯೆ ಏನೂ ಇರಲಿಲ್ಲ. ಯಾವ ದಿನ ಹಾಜರಾದರು, ಯಾವ ದಿನ ಸಾಕ್ಷಿ ಆಯಿತು, ಯಾವ ದಿನ ಸುಮ್ನೆ ತಾರೀಖು ತಗೊಂಡು ವಾಪಸ್ ಬಂದರು, ಒಂದೂ ಬರೆದಿಟ್ಟಿರಲಿಲ್ಲ. ನೇಮಕ ಪತ್ರ ಮನೆಯಲ್ಲಿ ಎಲ್ಲೋ ಇರಬೇಕು ಅಂದರು. ಇಬ್ಬರೂ ಕೂತು, ಈ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸು ತೆಗೆದು, ಒಂದೊಂದೇ ತಾರೀಖು ಹುಡುಕಿ ಬರೆಯುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು.

ನನ್ನ ಮೊದಲ ಬಿಲ್ಲೂ ಇದೇ ಕಾರಣಕ್ಕೆ ವಾಪಸ್ ಬಂದಿತ್ತು. "ಒಟ್ಟು 14 ಹಾಜರಿ" ಅಂತ ಒಂದೇ ಸಾಲಿನಲ್ಲಿ ಬರೆದು ಕೊಟ್ಟಿದ್ದೆ. ತಾರೀಖುವಾರು ವಿವರ ಕೊಡಿ ಅಂದರು. ಡೈರಿ ಇರಲಿಲ್ಲ. ಬೇಜಾರಾಗಿ ಆ ಬಿಲ್ಲನ್ನು ಹಾಗೇ ಬಿಟ್ಟುಬಿಟ್ಟೆ. ದುಡ್ಡು ಹೋಗಿದ್ದು ದೊಡ್ಡ ವಿಷಯ ಆಗಲಿಲ್ಲ. ಆದರೆ ಅದಾದ ಮೇಲೆ ಬಂದ ಕಾನೂನು ನೆರವಿನ ಫೈಲನ್ನು ನಾನು ಎರಡು ವಾರ ಬಿಚ್ಚಿಯೇ ನೋಡಲಿಲ್ಲ. ಆ ಎರಡು ವಾರ ಜೈಲಿನಲ್ಲಿ ಕಳೆದವನು ನನ್ನ ಕಕ್ಷಿದಾರ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಬಿಲ್ ಬರೆಯುವುದನ್ನು ಸರಿಯಾಗಿ ಕಲಿಯಿರಿ ಅಂತ ಕಿರಿಯರ ಬೆನ್ನು ಹತ್ತುವುದು ಅದಕ್ಕೇ. ಫೀಸು ಸರಿಯಾಗಿ ಬರದ ಕೇಸಿನ ಮೇಲೆ ವಕೀಲನ ಮನಸ್ಸು ನಿಧಾನಕ್ಕೆ ಹೊರಟುಹೋಗುತ್ತದೆ, ಅದರ ಪೆಟ್ಟು ಬೀಳುವುದು ಬಡ ಕಕ್ಷಿದಾರನಿಗೆ.

ಹಾಗಾಗಿ ಮೊದಲ ಮಾತು ಇಷ್ಟೇ: ಬಿಲ್ ಬರೆಯುವ ಕೆಲಸ ತೀರ್ಪು ಬಂದ ದಿನ ಶುರುವಾಗುವುದಿಲ್ಲ. ನೇಮಕ ಪತ್ರ ಕೈಗೆ ಬಂದ ದಿನವೇ ಶುರುವಾಗುತ್ತದೆ.

ಮೊದಲು, ಯಾವ ಬಾಗಿಲಿಂದ ಬಂದ ಕೇಸು ಅಂತ ನೋಡಿ

"ಕೋರ್ಟ್ ಕೊಟ್ಟ ಕೇಸು" ಅಂತ ನಾವು ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಹಣ ಬರುವ ದಾರಿ ಬೇರೆ ಬೇರೆ.

ಬಹಳಷ್ಟು ಕೇಸು ಬರುವುದು ಕಾನೂನು ಸೇವಾ ಪ್ರಾಧಿಕಾರದಿಂದ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಅದರ ಪ್ರಕಾರ ಜಿಲ್ಲೆಗೆ ಒಂದು ಪ್ರಾಧಿಕಾರ, ಅದಕ್ಕೆ ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ದಿನದ ಕೆಲಸ ನೋಡಿಕೊಳ್ಳುವುದು ಸದಸ್ಯ ಕಾರ್ಯದರ್ಶಿಗಳು, ಅವರೂ ನ್ಯಾಯಾಧೀಶರೇ. ತಾಲ್ಲೂಕುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನೀವು ಶಿರಾದಲ್ಲೋ ತಿಪಟೂರಿನಲ್ಲೋ ಪ್ರಾಕ್ಟೀಸ್ ಮಾಡುತ್ತಿದ್ದರೆ ನಿಮ್ಮ ನೇಮಕ ಪತ್ರ ಅಲ್ಲಿಯ ಸಮಿತಿಯಿಂದ ಬಂದಿರಬಹುದು. ಬಿಲ್ಲನ್ನೂ ಪತ್ರ ಕೊಟ್ಟ ಕಚೇರಿಗೇ ಕೊಡಬೇಕು. ತಾಲ್ಲೂಕು ಸಮಿತಿಯ ಪತ್ರ ಹಿಡಿದು ತುಮಕೂರಿಗೆ ಬಂದು ಬಿಲ್ ಕೊಟ್ಟರೆ ಸುಮ್ನೆ ಓಡಾಟ.

ಎರಡನೇ ದಾರಿ, ನ್ಯಾಯಾಧೀಶರೇ ನೇರವಾಗಿ ನೇಮಿಸುವುದು. ಆರೋಪಿಗೆ ವಕೀಲರಿಲ್ಲ, ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ ಅಂತ ಕೋರ್ಟಿಗೆ ಕಂಡರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಲೇಬೇಕು. ಮೊದಲು ಇದು ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 304ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಂ. ಈ ವಕೀಲರಿಗೆ ಎಷ್ಟು ಫೀಸು ಅನ್ನುವ ಬಗ್ಗೆ ಸರ್ಕಾರದ ಒಪ್ಪಿಗೆ ಪಡೆದು ಹೈಕೋರ್ಟ್ ನಿಯಮ ಮಾಡಬಹುದು ಅಂತ ಅದೇ ಕಲಂ ಹೇಳುತ್ತದೆ. ಅಂದರೆ ಇಲ್ಲಿ ಪ್ರಾಧಿಕಾರದ ದರಪಟ್ಟಿ ತಾನಾಗಿಯೇ ಅನ್ವಯಿಸುತ್ತದೆ ಅಂತ ಅಂದುಕೊಳ್ಳಬೇಡಿ. ಅಮಿಕಸ್ (ಕೋರ್ಟಿಗೆ ನೆರವಾಗುವ ವಕೀಲ) ಆಗಿ ನೇಮಿಸಿದಾಗಲೂ ಆದೇಶದಲ್ಲಿ ಫೀಸಿನ ಬಗ್ಗೆ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಅವತ್ತೇ ಒಂದು ಮೆಮೊ ಹಾಕಿ ವಿನಯದಿಂದ ಕೇಳಿ. ಎರಡು ವರ್ಷ ಆದ ಮೇಲೆ, ನ್ಯಾಯಾಧೀಶರು ವರ್ಗ ಆಗಿ ಹೋದ ಮೇಲೆ ಕೇಳುವುದು ಬಹಳ ಕಷ್ಟ.

ಮೂರನೆಯವರು ಡಿಫೆನ್ಸ್ ಕೌನ್ಸೆಲ್‌ಗಳು, ಅಂದರೆ ಆರೋಪಿಗಳ ಪರ ನಿಲ್ಲಲು ಪ್ರಾಧಿಕಾರವೇ ಇಟ್ಟುಕೊಂಡ ವಕೀಲರು. 2022ರ ಪರಿಷ್ಕೃತ ಯೋಜನೆಯಲ್ಲಿ ಬಂದ ವ್ಯವಸ್ಥೆ ಇದು. ಚೀಫ್, ಡೆಪ್ಯುಟಿ, ಅಸಿಸ್ಟೆಂಟ್ ಅಂತ ಮೂರು ಹಂತ. ಅವರು ಪೂರ್ಣಾವಧಿ, ಖಾಸಗಿ ಕೇಸು ನಡೆಸುವ ಹಾಗಿಲ್ಲ, ತಿಂಗಳಿಗೆ ಇಷ್ಟು ಅಂತ ಗೌರವಧನ. ಕೇಸುವಾರು ಬಿಲ್ ಅವರಿಗೆ ಬೇಕಿಲ್ಲ. ಈ ವ್ಯವಸ್ಥೆ ಬಂದ ಮೇಲೆ ಕ್ರಿಮಿನಲ್ ಕೇಸಿನ ಆರೋಪಿಗಳ ಪರ ಕೆಲಸ ಹೆಚ್ಚಾಗಿ ಅವರ ಕಡೆ ಹೋಗಿದೆ. ಪ್ಯಾನೆಲ್ ವಕೀಲರಿಗೆ ಸಿವಿಲ್ ದಾವೆ, ಜೀವನಾಂಶ, ಕೌಟುಂಬಿಕ ದೌರ್ಜನ್ಯದ ಕೇಸುಗಳು ಜಾಸ್ತಿ ಬರುತ್ತವೆ. ಈ ಲೇಖನ ಮುಖ್ಯವಾಗಿ ಪ್ಯಾನೆಲ್ ವಕೀಲರಿಗೆ.

ಪತ್ರ ಬಂದ ದಿನ

ಒಂದು ಬೇರೆ ಫೈಲ್ ಮಾಡಿ. ಕೇಸಿನ ಕಾಗದಗಳ ಜೊತೆ ಬೆರೆಸಬೇಡಿ. ಇದು ಬಿಲ್ಲಿಗೆ ಮಾತ್ರ ಇಟ್ಟ ಫೈಲ್. ಅದರಲ್ಲಿ ಮೊದಲ ಹಾಳೆ ನೇಮಕ ಪತ್ರ. ಮೂಲ ಪತ್ರ ಭದ್ರವಾಗಿಟ್ಟು ಜೆರಾಕ್ಸ್ ಹಾಕಿದರೂ ಸರಿ, ಫೋನಲ್ಲಿ ಫೋಟೊ ತೆಗೆದಿಡುವುದು ಇನ್ನೂ ಒಳ್ಳೆಯದು.

ಪತ್ರ ಓದಿ. ಇದನ್ನು ಹೇಳಬೇಕಾಗಿ ಬಂದಿದೆ, ಯಾಕೆಂದರೆ ಎಷ್ಟೋ ಜನ ಓದುವುದಿಲ್ಲ. ನಿಮ್ಮ ಹೆಸರು, ಕಕ್ಷಿದಾರರ ಹೆಸರು, ಕೇಸ್ ನಂಬರ್, ಯಾವ ಕೋರ್ಟ್ ಅನ್ನುವುದು ಸರಿ ಇದೆಯಾ? ಪತ್ರದಲ್ಲಿ "ಸಿವಿಲ್ ನ್ಯಾಯಾಲಯ" ಅಂತ ಇದ್ದು ಕೇಸು ನಡೆಯುತ್ತಿರುವುದು ಹಿರಿಯ ಸಿವಿಲ್ ನ್ಯಾಯಾಲಯದಲ್ಲಿ ಆದರೆ, ಬಿಲ್ ಪಾಸು ಮಾಡುವವರು ಅಲ್ಲೇ ನಿಲ್ಲಿಸುತ್ತಾರೆ. ತಪ್ಪಿದ್ದರೆ ಅದೇ ವಾರ ತಿದ್ದಿಸಿಕೊಳ್ಳಿ. ಕೇಸು ಇನ್ನೂ ಹಾಕಬೇಕಾಗಿದ್ದರೆ ಪತ್ರದಲ್ಲಿ ನಂಬರ್ ಇರುವುದಿಲ್ಲ. ದಾಖಲಾದ ತಕ್ಷಣ ಕೇಸ್ ನಂಬರ್, ಸಿಎನ್‌ಆರ್ ನಂಬರ್ (ಈ-ಕೋರ್ಟ್ಸ್‌ನಲ್ಲಿ ಆ ಕೇಸಿಗೆ ಸಿಗುವ ಗುರುತಿನ ಸಂಖ್ಯೆ) ಎರಡನ್ನೂ ಬರೆದು ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ.

ವಕಾಲತ್ತು ಹಾಕಿದ ತಾರೀಖನ್ನೂ ಗುರುತು ಮಾಡಿ. ನೇಮಕ ಪತ್ರದ ತಾರೀಖಿಗಿಂತ ಮುಂಚೆ ನೀವು ಹಾಜರಾಗಿದ್ದರೆ ಆ ದಿನಕ್ಕೆ ಫೀಸು ಕೇಳಲು ಕೈಯಲ್ಲಿ ಆಧಾರ ಇರುವುದಿಲ್ಲ. ಕೆಲವೊಮ್ಮೆ ಜಡ್ಜ್ ಸಾಹೇಬರು "ನೀವೇ ನೋಡಿಕೊಳ್ಳಿ" ಅಂತ ಬಾಯಲ್ಲಿ ಹೇಳುತ್ತಾರೆ, ನಾವು ಅವತ್ತೇ ಎದ್ದು ನಿಲ್ಲುತ್ತೇವೆ, ಪತ್ರ ಆಮೇಲೆ ಬರುತ್ತದೆ. ಅಂಥ ಸಂದರ್ಭದಲ್ಲಿ ಬೆಂಚ್ ಕ್ಲರ್ಕ್ ಹತ್ತಿರ ಹೋಗಿ, ಪ್ರತಿ ದಿನದ ಕಲಾಪ ಬರೆಯುವ ಆರ್ಡರ್ ಶೀಟ್‌ನಲ್ಲಿ ನಿಮ್ಮ ಹೆಸರು ಬರೆದಿದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಿ. ಆ ದಿನದ ಆರ್ಡರ್ ಶೀಟ್‌ನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ.

ಪ್ರತಿ ತಾರೀಖಿಗೂ ಒಂದು ಸಾಲು

ಇಡೀ ಬಿಲ್ಲಿನ ಜೀವ ಇಲ್ಲಿದೆ. ಕೋರ್ಟ್ ಹಾಲಿನಿಂದ ಹೊರಗೆ ಬಂದ ತಕ್ಷಣ, ಕೋಟು ತೆಗೆಯುವ ಮುಂಚೆ, ಒಂದು ಸಾಲು ಬರೆಯಿರಿ. ನನ್ನ ಒಂದು ಹಳೇ ಫೈಲಿನ ಸಾಲುಗಳು ಹೀಗಿವೆ:

12.03 – ವಾದಿಯ ಮುಖ್ಯ ವಿಚಾರಣೆ ಅಫಿಡವಿಟ್ ಸಲ್ಲಿಕೆ, 6 ದಾಖಲೆ ಗುರುತು. ಪಾಟೀ ಸವಾಲಿಗೆ 28.03.
28.03 – ಎದುರು ವಕೀಲರು ಸಮಯ ಕೇಳಿದರು. ನಾವು ಆಕ್ಷೇಪಿಸಿದೆವು. ದಂಡ ಹಾಕಿ ಸಮಯ ಕೊಟ್ಟರು. 10.04.
10.04 – ನ್ಯಾಯಾಧೀಶರು ರಜೆ. 25.04.
25.04 – ಪಾಟೀ ಸವಾಲು ಭಾಗಶಃ. ಮುಂದುವರಿಕೆಗೆ 02.06.

ಇಷ್ಟೇ. ಇದಕ್ಕಿಂತ ಜಾಸ್ತಿ ಬೇಡ. ಆದರೆ ಈ ನಾಲ್ಕು ಸಾಲು ಇದ್ದರೆ ಯಾವ ದಿನ ಎಫೆಕ್ಟಿವ್, ಯಾವ ದಿನ ಅಲ್ಲ ಅಂತ ಯಾರಾದರೂ ಹೇಳಬಹುದು.

ಎಫೆಕ್ಟಿವ್ ಅಂದರೆ ಆ ದಿನ ಕೇಸು ನಿಜವಾಗಿ ಮುಂದಕ್ಕೆ ಹೋಗಿರಬೇಕು. ಸಾಕ್ಷಿ ಆಯಿತು, ಪಾಟೀ ಸವಾಲು ಆಯಿತು, ವಾದ ಕೇಳಿದರು, ಅರ್ಜಿಯ ಮೇಲೆ ಆದೇಶ ಆಯಿತು, ಇವೆಲ್ಲ ಎಫೆಕ್ಟಿವ್. ನ್ಯಾಯಾಧೀಶರು ರಜೆ, ಸಾಕ್ಷಿ ಬಂದಿಲ್ಲ, ಸಮನ್ಸ್ ಜಾರಿ ಆಗಿಲ್ಲ, ಸಮಯ ಬೇಕು ಅಂತ ಕೇಳಿ ಮುಂದೂಡಿದರು, ಇವು ನಾನ್-ಎಫೆಕ್ಟಿವ್. ಎರಡಕ್ಕೂ ದರ ಬೇರೆ. ಮೇಲಿನ ಉದಾಹರಣೆಯಲ್ಲಿ 28.03ರ ಸಾಲು ಗಡಿ ಮೇಲಿದೆ. ಆಕ್ಷೇಪಣೆ ಕೇಳಿ ದಂಡದ ಆದೇಶ ಆಗಿದೆ, ಆದರೆ ಸಾಕ್ಷಿ ನಡೆದಿಲ್ಲ. ಅಂಥ ದಿನವನ್ನು ನಾನು ನಾನ್-ಎಫೆಕ್ಟಿವ್ ಅಂತಲೇ ಬರೆಯುತ್ತೇನೆ. ಸಂಶಯ ಬಂದ ದಿನವನ್ನು ಕಡಿಮೆ ಕಡೆಗೆ ಬರೆದರೆ ಉಳಿದ ಸಾಲುಗಳನ್ನು ಕಚೇರಿಯವರು ನಂಬುತ್ತಾರೆ. ಇದು ನನ್ನ ಅನುಭವ.

ನೀವು ಹೋಗದ ದಿನವನ್ನು ಹಾಜರಿ ಅಂತ ಬರೆಯಬೇಡಿ. ಕಲಾಪ ಬಹಿಷ್ಕಾರ ಇದ್ದ ದಿನ, ನೀವು ಮಧುಗಿರಿಯಲ್ಲಿ ಬೇರೆ ಕೇಸಿಗೆ ಹೋಗಿದ್ದು ಸ್ನೇಹಿತರು ತಾರೀಖು ತಗೊಂಡ ದಿನ, ಇವೆಲ್ಲ ಆರ್ಡರ್ ಶೀಟ್‌ನಲ್ಲಿ ಗೊತ್ತಾಗುತ್ತದೆ. ಒಂದು ಸುಳ್ಳು ತಾರೀಖು ಸಿಕ್ಕಿದರೆ ಇಡೀ ಬಿಲ್ ಅನುಮಾನಕ್ಕೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದು ಬಡವರಿಗೆ ಅಂತ ಎತ್ತಿಟ್ಟ ದುಡ್ಡು.

ತಿಂಗಳಿಗೊಮ್ಮೆ ಡೈರಿಯನ್ನು ಈ-ಕೋರ್ಟ್ಸ್ ಆ್ಯಪ್ ಜೊತೆ ತಾಳೆ ನೋಡಿ. ಸಿಎನ್‌ಆರ್ ನಂಬರ್ ಹಾಕಿದರೆ ಹಿಂದಿನ ತಾರೀಖುಗಳ ಪಟ್ಟಿ ಬರುತ್ತದೆ. ತಾರೀಖಿನ ಮೇಲೆ ಒತ್ತಿದರೆ ಅವತ್ತು ಏನು ನಡೆಯಿತು ಅಂತಲೂ ಇರುತ್ತದೆ. ಆದರೆ ಅದರಲ್ಲಿ ಕೆಲವೊಮ್ಮೆ "ಸಾಕ್ಷ್ಯ" ಅಂತ ಒಂದೇ ಪದ ಇರುತ್ತದೆ. ಸಾಕ್ಷಿ ನಡೆಯಿತೋ ಇಲ್ಲವೋ ತಿಳಿಯುವುದಿಲ್ಲ. ಆ್ಯಪ್ ನೋಡಿಯೇ ಬಿಲ್ ಬರೆಯುತ್ತೇನೆ ಅನ್ನುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಬರವಣಿಗೆ ಕೆಲಸ ಮತ್ತು ಕೈಯಿಂದ ಹೋದ ಖರ್ಚು

ದಾವೆ ಪತ್ರ, ಪ್ರತಿವಾದಿಯ ಜವಾಬು, ಮೇಲ್ಮನವಿ, ಇವು ಮುಖ್ಯ ಬರವಣಿಗೆ. ತಡೆಯಾಜ್ಞೆ ಅರ್ಜಿ, ವಿಳಂಬ ಮನ್ನಾ ಅರ್ಜಿ, ತಿದ್ದುಪಡಿ ಅರ್ಜಿ, ಇವು ಬೇರೆ ಲೆಕ್ಕ. ಮುಖ್ಯ ಬರವಣಿಗೆಗೆ ಒಂದು ದರ, ಸಣ್ಣ ಅರ್ಜಿಗಳಿಗೆ ಒಂದೊಂದಕ್ಕೆ ಇಷ್ಟು, ಒಟ್ಟು ಇಷ್ಟಕ್ಕೆ ಮಿತಿ ಅಂತ ದರಪಟ್ಟಿಗಳು ಇರುತ್ತವೆ. ಪ್ರತಿಯೊಂದರ ಒಂದು ಪ್ರತಿ, ಕೋರ್ಟಿನಲ್ಲಿ ಸಲ್ಲಿಸಿದ ಸೀಲು ಇರುವುದು, ಬಿಲ್ ಫೈಲಿನಲ್ಲಿ ಇರಲಿ.

ಕಾನೂನು ನೆರವು ಅಂದರೆ ವಕೀಲರ ಫೀಸು ಮಾತ್ರ ಅಂತ ಕೆಲವರು ತಿಳಿದಿದ್ದಾರೆ. ಕೋರ್ಟ್ ಫೀ, ಪ್ರೊಸೆಸ್ ಫೀ, ಸಾಕ್ಷಿಗಳ ಬತ್ತೆ, ಸರ್ಟಿಫೈಡ್ ಕಾಪಿಯ ಖರ್ಚು, ಭಾಷಾಂತರದ ಖರ್ಚು ಕೂಡ ಅದರಲ್ಲಿ ಸೇರುತ್ತದೆ. ಕಕ್ಷಿದಾರರ ಕೈಯಿಂದ ಹಾಕಿಸಬೇಡಿ. ನಿಮ್ಮ ಕೈಯಿಂದ ಹಾಕುವುದಾದರೆ ಮೊದಲು ಕಚೇರಿಗೆ ತಿಳಿಸಿ, ರಸೀದಿ ಇಟ್ಟುಕೊಳ್ಳಿ. 20 ರೂಪಾಯಿಯ ರಸೀದಿ ಆದರೂ ಸರಿ, ಒಂದು ಹಾಳೆಗೆ ಅಂಟಿಸಿ ಪಕ್ಕದಲ್ಲಿ ಯಾತಕ್ಕೆ ಅಂತ ಬರೆಯಿರಿ. ರಸೀದಿ ಇಲ್ಲದ ಖರ್ಚು ಕೇಳಲು ಹೋಗಬೇಡಿ.

ಮಧ್ಯೆ ಮಧ್ಯೆ ಕೇಸಿನ ಪ್ರಗತಿ ವರದಿ ಕೇಳುತ್ತಾರೆ. ಪ್ರತಿ ಪ್ರಾಧಿಕಾರದಲ್ಲೂ ಕೇಸುಗಳ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಸಮಿತಿ ಇರಬೇಕು ಅಂತ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2010ರ ನಿಯಮಗಳಲ್ಲಿದೆ. ಡೈರಿ ಇದ್ದರೆ ಆ ವರದಿ ಹತ್ತು ನಿಮಿಷದ ಕೆಲಸ. ವರದಿ ಕೊಡುತ್ತಾ ಬಂದವರ ಬಿಲ್ಲಿಗೆ ಪ್ರಶ್ನೆ ಕಡಿಮೆ.

ಕೇಸು ಮುಗಿದ ಮೇಲೆ

ತೀರ್ಪಿನ ಸರ್ಟಿಫೈಡ್ ಕಾಪಿ ತಗೊಳ್ಳಿ. ಲೋಕ ಅದಾಲತ್‌ನಲ್ಲಿ ರಾಜಿ ಆಗಿದ್ದರೆ ರಾಜಿ ಅವಾರ್ಡಿನ ಪ್ರತಿ. ಕಕ್ಷಿದಾರರಿಗೆ ಒಂದು ಪ್ರತಿ ತಲುಪಿಸಿ, ಮೇಲ್ಮನವಿಗೆ ಎಷ್ಟು ದಿನ ಇದೆ ಅಂತ ಬಾಯಲ್ಲೂ ಹೇಳಿ, ಬರೆದೂ ಕೊಡಿ. ಇದು ಬಿಲ್ಲಿಗಿಂತ ಮೊದಲು ಆಗಬೇಕಾದ ಕೆಲಸ.

ಆಮೇಲೆ ಮುಕ್ತಾಯ ವರದಿ. ಒಂದೇ ಪುಟ ಸಾಕು. ನೇಮಕ ಪತ್ರದ ಸಂಖ್ಯೆ ಮತ್ತು ತಾರೀಖು, ಕೇಸ್ ನಂಬರ್, ಕೋರ್ಟ್, ಯಾವ ದಿನ ವಿಲೇವಾರಿ ಆಯಿತು, ಏನಾಯಿತು, ಮೇಲ್ಮನವಿಗೆ ಅರ್ಹವಾ ಅನ್ನುವ ನಿಮ್ಮ ಅಭಿಪ್ರಾಯ. ನಾಲ್ಸಾ ನಿಯಮದ ಪ್ರಕಾರ ಈ ಮುಕ್ತಾಯ ವರದಿ ಬಂದ ತಕ್ಷಣ ಕಚೇರಿ ತಡ ಮಾಡದೆ ಫೀಸು ಮತ್ತು ಖರ್ಚು ಕೊಡಬೇಕು. ಹಾಗಾಗಿ ನಿಮ್ಮ ಹಕ್ಕು ಶುರುವಾಗುವುದು ಈ ವರದಿಯಿಂದ. ಬಿಲ್ ಮಾತ್ರ ಕೊಟ್ಟು ವರದಿ ಕೊಡದೆ "ದುಡ್ಡು ಬಂದಿಲ್ಲ" ಅಂತ ಆರು ತಿಂಗಳು ಬೈದುಕೊಂಡು ಓಡಾಡಿದವರನ್ನು ನೋಡಿದ್ದೇನೆ.

ಈಗ ಲೆಕ್ಕ. ದರಪಟ್ಟಿಯನ್ನು ರಾಜ್ಯ ಪ್ರಾಧಿಕಾರ ಒಪ್ಪಿರುತ್ತದೆ, ಆಗಾಗ ಬದಲಾಗುತ್ತದೆ. ಬಿಲ್ ಬರೆಯುವ ವಾರ ಕಚೇರಿಯಲ್ಲಿ ಹೊಸ ಪಟ್ಟಿಯ ಪ್ರತಿ ಇಸ್ಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ, ಇವನ್ನು ನಿಮ್ಮ ಬಿಲ್ಲಿನಲ್ಲಿ ಹಾಕಬೇಡಿ.

ಒಬ್ಬ ಹೆಣ್ಣುಮಗಳ ಪರ ಆಸ್ತಿ ಭಾಗದ ದಾವೆ ನಡೆಸಿದ್ದೀರಿ ಅಂದುಕೊಳ್ಳಿ. ದಾವೆ ಪತ್ರಕ್ಕೆ 1,200, ಸಣ್ಣ ಅರ್ಜಿಗೆ ತಲಾ 400, ಎಫೆಕ್ಟಿವ್ ದಿನಕ್ಕೆ 750, ನಾನ್-ಎಫೆಕ್ಟಿವ್ ದಿನಕ್ಕೆ 500, ಎಲ್ಲಾ ಹಾಜರಿ ಸೇರಿ 7,500 ರೂಪಾಯಿ ಮಿತಿ ಅಂತ ಇಟ್ಟುಕೊಳ್ಳೋಣ. ದಾವೆ ಪತ್ರ 1,200. ಎರಡು ಅರ್ಜಿ 800. ಎಫೆಕ್ಟಿವ್ 7 ದಿನ, 5,250. ನಾನ್-ಎಫೆಕ್ಟಿವ್ 6 ದಿನ, 3,000. ಹಾಜರಿ ಒಟ್ಟು 8,250 ಆಯಿತು, ಮಿತಿ ಇರುವುದರಿಂದ 7,500 ಮಾತ್ರ. ಬಿಲ್ 9,500 ರೂಪಾಯಿ.

ಇದೇ ಕೇಸಿನಲ್ಲಿ ಡೈರಿ ಇಲ್ಲದೆ ಎರಡು ಎಫೆಕ್ಟಿವ್, ಮೂರು ನಾನ್-ಎಫೆಕ್ಟಿವ್ ದಿನ ಮರೆತಿರಿ ಅಂದುಕೊಳ್ಳಿ. ಹಾಜರಿ 3,750 ಮತ್ತು 1,500 ಸೇರಿ 5,250ಕ್ಕೆ ಇಳಿಯಿತು. 2,250 ರೂಪಾಯಿ ಹೋಯಿತು. ಪ್ರತಿ ತಾರೀಖಿಗೆ ಅರ್ಧ ನಿಮಿಷ ಬರೆಯದೇ ಹೋದದ್ದಕ್ಕೆ ಆದ ನಷ್ಟ ಇದು.

ಮಿತಿ ದಾಟಿದ ದಿನಗಳನ್ನೂ ಬಿಲ್ಲಿನಲ್ಲಿ ಬರೆಯಿರಿ. ಕೆಳಗೆ "ಮಿತಿಗೆ ಒಳಪಟ್ಟು" ಅಂತ ಹಾಕಿ. ಎಷ್ಟು ಕೆಲಸಕ್ಕೆ ಎಷ್ಟು ಸಿಗುತ್ತಿದೆ ಅಂತ ಮೇಲಿನವರಿಗೆ ಕಾಗದದಲ್ಲಿ ಕಾಣಬೇಕು. ದರ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದನ್ನು ಹೇಳಬೇಕಾದ ಜಾಗದಲ್ಲಿ ಹೇಳುತ್ತಲೂ ಇದ್ದೇನೆ. ಆದರೆ ಮಿತಿ ಮುಗಿಯಿತು ಅಂತ ಪಾಟೀ ಸವಾಲನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿಗೆ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರನ್ನೇ ಕೊಡಬೇಕು, ತಯಾರಿಗೆ ಸಮಯ ಕೊಡಬೇಕು ಅಂತ 2019ರಲ್ಲಿ ಅನೋಖಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪಣೆ ಹೊರಿಸಿ, ಹದಿನೈದು ದಿನವೂ ಆಗುವ ಮುಂಚೆ ವಿಚಾರಣೆ ಮುಗಿಸಿ ಮರಣದಂಡನೆ ಕೊಟ್ಟಿದ್ದರು. ಹೆಸರಿಗೆ ವಕೀಲ ನಿಂತರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಬಿಲ್ಲಿಗೆ ಲಗತ್ತಿಸಬೇಕಾದವು: ನೇಮಕ ಪತ್ರದ ಪ್ರತಿ, ತಾರೀಖುವಾರು ಪಟ್ಟಿ, ಆರ್ಡರ್ ಶೀಟ್ ಪ್ರತಿ, ತೀರ್ಪಿನ ಪ್ರತಿ, ಮುಕ್ತಾಯ ವರದಿ, ಖರ್ಚಿನ ರಸೀದಿಗಳು. ಕೊನೆಗೆ ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ ಮತ್ತು ಪ್ಯಾನ್ ಕಾರ್ಡ್ ಜೆರಾಕ್ಸ್. ಈ ಕೇಸಿಗೆ ಕಕ್ಷಿದಾರರಿಂದ ಏನನ್ನೂ ಪಡೆದಿಲ್ಲ, ಬೇರೆ ಕಡೆಯಿಂದಲೂ ಫೀಸು ಕೇಳಿಲ್ಲ ಅಂತ ಒಂದು ಸಾಲಿನ ದೃಢೀಕರಣ ಸೇರಿಸಿ ಸಹಿ ಮಾಡಿ. ಕೋರ್ಟ್ ನೇರವಾಗಿ ನೇಮಿಸಿದ ಕೇಸು ಆಮೇಲೆ ಪ್ರಾಧಿಕಾರಕ್ಕೆ ಬಂದಿದ್ದರೆ ಈ ಸಾಲು ಬಹಳ ಮುಖ್ಯ. ಒಂದೇ ದಿನಕ್ಕೆ ಎರಡು ಕಡೆ ಬಿಲ್ ಹೋಗಬಾರದು.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಒಳಬರುವ ಪತ್ರದ ನಂಬರ್ ಹಾಕಿಸಿಕೊಳ್ಳಿ. "ಇಲ್ಲಿಟ್ಟು ಹೋಗಿ ಸರ್" ಅಂದರೆ ಒಪ್ಪಬೇಡಿ, ಎರಡು ನಿಮಿಷ ನಿಂತರೂ ಪರವಾಗಿಲ್ಲ.

ಕಕ್ಷಿದಾರರ ಕೈಯಿಂದ ಏನೂ ಬೇಡ

ಪ್ಯಾನೆಲ್ ವಕೀಲರು ಕಕ್ಷಿದಾರರಿಂದಾಗಲಿ, ಅವರ ಪರವಾಗಿ ಬೇರೆ ಯಾರಿಂದಾಗಲಿ ಫೀಸು, ಹಣ, ಉಡುಗೊರೆ ಏನನ್ನೂ ಕೇಳುವ ಹಾಗಿಲ್ಲ, ತಗೊಳ್ಳುವ ಹಾಗಿಲ್ಲ. ನಿಯಮ ಬಹಳ ಸ್ಪಷ್ಟ.

ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ಬರುವುದಕ್ಕೆ ಮುಂಚಿನ ಮಾತು. ಜೈಲಿನಲ್ಲಿದ್ದ ಒಬ್ಬ ಹುಡುಗನಿಗೆ ಜಾಮೀನು ಸಿಕ್ಕಿತ್ತು. ಮಾರನೇ ತಾರೀಖಿಗೆ ಅವನ ತಾಯಿ ಪಾವಗಡದ ಕಡೆಯಿಂದ ಬೆಳಗಿನ ಬಸ್ ಹತ್ತಿ ಮಧುಗಿರಿ ಕೋರ್ಟಿಗೆ ಬಂದರು. ಕಂಕುಳಲ್ಲಿ ಒಂದು ಚೀಲ. ಹೊಲದ ಕಡ್ಲೆಕಾಯಿ, ಇನ್ನೂ ಮಣ್ಣು ಅಂಟಿತ್ತು. ಮೇಜಿನ ಮೇಲೆ ಇಟ್ಟರು.

"ಬ್ಯಾಡಮ್ಮ, ನನಗೆ ಗೋರ್ಮೆಂಟ್ ಕೊಡ್ತದೆ" ಅಂದೆ.

"ಗೋರ್ಮೆಂಟ್ ಕೊಡೋದು ಗೋರ್ಮೆಂಟ್‌ದು ಸಾಮಿ. ಇದು ನಮ್ಮದು" ಅಂದರು.

ಆ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ: "ಅಮ್ಮ, ನೀವು ಇದನ್ನ ಕೊಟ್ಟಿದ್ದು ಊರಲ್ಲಿ ಗೊತ್ತಾದರೆ, ನಾಳೆ ಕೊಡೋಕೆ ಏನೂ ಇಲ್ಲದವರು ಬರೋಕೇ ಹಿಂಜರೀತಾರೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಚೀಲ ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತು ತಿರುಗಿ, "ಹಂಗಾದ್ರೆ ಬ್ಯಾಡ ಬಿಡಿ" ಅಂದರು. ಕೋಪ ಇರಲಿಲ್ಲ.

"ಅವರಿಗೆ ಎರಡು ಎಕರೆ ಇದೆ, ಕೊಡಬಹುದಲ್ವಾ" ಅಂತ ಕೆಲವು ಕಿರಿಯರು ಕೇಳುತ್ತಾರೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಕಾಯ್ದೆಯ 12ನೇ ಕಲಂನಲ್ಲಿ ಆದಾಯದ ಮಿತಿಯೇ ಇಲ್ಲ. ಎಕರೆ ಎಣಿಸುವುದು ನಮ್ಮ ಕೆಲಸ ಅಲ್ಲ. ಕಕ್ಷಿದಾರರೇ, ನೀವು ಇದನ್ನು ಓದುತ್ತಿದ್ದರೆ, ನಿಮಗೆ ಕೊಟ್ಟ ವಕೀಲರು ದುಡ್ಡು ಕೇಳಿದರೆ ನೇರ ಸದಸ್ಯ ಕಾರ್ಯದರ್ಶಿಗಳಿಗೆ ತಿಳಿಸಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಮಧ್ಯದಲ್ಲಿ ಬಿಟ್ಟರೆ, ಬಿಲ್ ನಿಂತರೆ

ಪ್ಯಾನೆಲ್ ಅವಧಿ ಮೂರು ವರ್ಷ. ಅವಧಿ ಮುಗಿದರೂ ಕೇಸು ನಡೆಯುತ್ತಿರಬಹುದು. ಮುಂದುವರಿಸಬೇಕಾ, ಬೇರೆಯವರಿಗೆ ಕೊಡಬೇಕಾ ಅಂತ ಕಚೇರಿಯನ್ನು ಬರಹದಲ್ಲೇ ಕೇಳಿ. ಆರೋಗ್ಯ ಅಥವಾ ಬೇರೆ ಕಾರಣಕ್ಕೆ ನೀವೇ ಹಿಂದೆ ಸರಿಯುವುದಾದರೆ ಕಾರಣ ಬರೆದು ಕಾರ್ಯದರ್ಶಿಗಳ ಅನುಮತಿ ತಗೊಳ್ಳಬೇಕು. ಫೈಲನ್ನು ಹೊಸ ವಕೀಲರಿಗೆ ಪಟ್ಟಿ ಮಾಡಿ ಕೊಟ್ಟು ಸಹಿ ಪಡೆಯಿರಿ, ಅಲ್ಲಿಯವರೆಗಿನ ತಾರೀಖುಗಳಿಗೆ ಅವತ್ತೇ ಬಿಲ್ ಕೊಡಿ. ಮುಂದಿನವರ ಬಿಲ್ ಜೊತೆ ಬರಲಿ ಅಂತ ಕಾಯಬೇಡಿ.

ಬಿಲ್ ಕೊಟ್ಟು ಎರಡು ತಿಂಗಳಾದರೂ ಸದ್ದಿಲ್ಲ ಅಂದರೆ ಮೊದಲು ಕಚೇರಿಗೆ ಹೋಗಿ ವಿಚಾರಿಸಿ. ಬಹಳ ಸಲ ಒಂದು ಜೆರಾಕ್ಸ್ ಕಡಿಮೆ ಇರುತ್ತದೆ, ಇಲ್ಲವೇ ಅನುದಾನ ಬಂದಿರುವುದಿಲ್ಲ. ಆಮೇಲೆ ಒಳಬರುವ ನಂಬರ್ ಹಾಕಿ ಒಂದು ಜ್ಞಾಪನ ಪತ್ರ. ಅದಕ್ಕೂ ಉತ್ತರ ಬರದಿದ್ದರೆ ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ, ನಂತರ ಬೆಂಗಳೂರಿನ ರಾಜ್ಯ ಪ್ರಾಧಿಕಾರಕ್ಕೆ. ಬಿಲ್ಲಿನ ಸ್ಥಿತಿ ತಿಳಿಸಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ನಾನು ಅಲ್ಲಿಯವರೆಗೆ ಹೋಗಬೇಕಾಗಿ ಬಂದಿದ್ದು ಒಂದೇ ಸಲ. ಬಿಲ್ಲಿನಲ್ಲಿ ಕಡಿತ ಮಾಡಿದರೆ ಯಾವ ತಾರೀಖಿಗೆ, ಯಾಕೆ ಅಂತ ಬರಹದಲ್ಲಿ ಕೇಳಿ. ಆ ತಾರೀಖಿನ ಆರ್ಡರ್ ಶೀಟ್ ಇಟ್ಟುಕೊಂಡು ಮಾತಾಡಿದರೆ ಜಗಳವೇ ಇರುವುದಿಲ್ಲ.

ಕೋರ್ಟ್ ಕಮಿಷನರ್ ಆದರೆ

ಇದು ಪೂರ್ತಿ ಬೇರೆ. ಸ್ಥಳ ತನಿಖೆಗೆ ಅಂತ ಸಿವಿಲ್ ಕೋರ್ಟ್ ನಿಮ್ಮನ್ನು ಕಮಿಷನರ್ ಮಾಡಿದರೆ ಫೀಸು ಕೊಡುವುದು ಸರ್ಕಾರ ಅಲ್ಲ, ಕಮಿಷನ್ ಕೇಳಿದ ಪಕ್ಷಗಾರರು, ಅದೂ ಕೋರ್ಟಿನ ಮೂಲಕ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 26ನೇ ಆದೇಶದ 15ನೇ ನಿಯಮದ ಪ್ರಕಾರ ಖರ್ಚನ್ನು ಮೊದಲೇ ಕೋರ್ಟಿನಲ್ಲಿ ಕಟ್ಟಿಸಬಹುದು. ಕಮಿಷನರ್ ವಾರಂಟ್ ತಗೊಳ್ಳುವಾಗಲೇ ಹಣ ಕಟ್ಟಿದ್ದಾರಾ ನೋಡಿ. ಸರ್ವೇಯರ್ ಫೀಸು ಬೇರೆ ಅಂತ ಆದೇಶದಲ್ಲಿ ಇರಲಿ. ಹೊಲದಲ್ಲಿ ಪಕ್ಷಗಾರರ ಕಾರು, ಊಟ ಬೇಡ. ಒಬ್ಬರ ಕಾರಿನಲ್ಲಿ ಇಳಿದರೆ ಇನ್ನೊಬ್ಬರು ನಿಮ್ಮ ವರದಿಯನ್ನು ನಂಬುವುದಿಲ್ಲ, ನಾಳೆ ನಿಮ್ಮನ್ನೇ ಸಾಕ್ಷಿ ಕಟ್ಟೆಗೆ ಕರೆಯಬಹುದು. ಒಂದು ದಿನದ ಕೆಲಸ ಮೂರು ದಿನ ಆಯಿತು ಅಂದರೆ ಹೆಚ್ಚಿನ ಫೀಸಿಗೆ ಮೆಮೊವನ್ನು ವರದಿಯ ಜೊತೆಯೇ ಹಾಕಿ. ಮಹಜರಿನಲ್ಲಿ ಪ್ರತಿ ದಿನದ ಸಮಯ, ಹಾಜರಿದ್ದವರ ಸಹಿ ಇದ್ದರೆ ಅದೇ ನಿಮ್ಮ ಬಿಲ್ಲಿಗೆ ಆಧಾರ.

ಹಣ ಬಂದ ದಿನ

ಖಾತೆಗೆ ಹಣ ಜಮಾ ಆದಾಗ ಬಿಲ್ಲಿನ ನಿಮ್ಮ ಪ್ರತಿಯ ಮೇಲೆ ತಾರೀಖು, ಮೊತ್ತ ಬರೆಯಿರಿ. ಒಂದೇ ಕಚೇರಿಯಿಂದ ವರ್ಷದಲ್ಲಿ ಬಂದ ಫೀಸು 50,000 ರೂಪಾಯಿ ದಾಟಿದರೆ ಶೇ. 10 ತೆರಿಗೆ ಮುರಿದುಕೊಂಡು ಕೊಡುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ಮುರಿದ ತೆರಿಗೆ ನಿಮ್ಮ ಹೆಸರಿಗೆ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ಮೊತ್ತ ಕಡಿಮೆ ಇದೆ ಅನ್ನಿಸಿದರೆ ಮೊದಲು ಇದನ್ನು ತಾಳೆ ಹಾಕಿ, ಆಮೇಲೆ ಕಚೇರಿಗೆ ಹೋಗಿ.

ಆ ಕಿರಿಯ ವಕೀಲೆಯ ಬಿಲ್ಲನ್ನು ಅವತ್ತು ಸಂಜೆಯೊಳಗೆ ಬರೆದು ಮುಗಿಸಿದೆವು. 19 ತಾರೀಖು ಸಿಕ್ಕಿದವು, ಎರಡು ಸಿಗಲಿಲ್ಲ. ಆ ಎರಡಕ್ಕೆ ಆರ್ಡರ್ ಶೀಟ್ ಕಾಪಿ ಬೇಕು ಅಂತ ಕಾಪಿಯಿಂಗ್ ಸೆಕ್ಷನ್‌ಗೆ ಅರ್ಜಿ ಹಾಕಿದ್ದಾರೆ. ಹೊಸ ನೇಮಕ ಪತ್ರ ಒಂದು ಬಂದಿದೆಯಂತೆ, ಅದಕ್ಕೆ ಬೇರೆ ಫೈಲ್ ಮಾಡಿ, ಮೊದಲ ಹಾಳೆಯ ಮೇಲೆ ಆ ದಿನದ ತಾರೀಖು ಬರೆದು ನನಗೆ ತೋರಿಸಿದರು.